ಕೆಲಸಕ್ಕೆ ಸೇರುವ ಮುನ್ನ ಕೊಡುವ ಮಾತು

ಘಟಿಕೋತ್ಸವವೆಂದರೆ ಗೌನು, ಟೋಪಿ, ಪದಕ, ಉದ್ದುದ್ದ ಭಾಷಣ. ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ಹಂಬೋಲ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1987ರಲ್ಲಿ ಇದಕ್ಕೊಂದು ಪ್ರತಿಜ್ಞೆಯನ್ನೂ ಸೇರಿಸಿದರು. ಒಪ್ಪಿಕೊಳ್ಳಲಿರುವ ಉದ್ಯೋಗದಿಂದ ಸಮಾಜಕ್ಕೂ ಪರಿಸರಕ್ಕೂ ಏನಾಗುತ್ತದೆಂದು ವಿಚಾರಿಸುತ್ತೇನೆ, ಸೇರಿದ ಸಂಸ್ಥೆಯಲ್ಲಿ ಅದನ್ನು ಸುಧಾರಿಸಲು ಯತ್ನಿಸುತ್ತೇನೆ ಎಂಬುದು ಅದರ ಸಾರ.

ಅದು ಅಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. ರೆಡ್‌ವುಡ್ ಮರಗಳ ನಡುವಿನ ಆ ಕ್ಯಾಂಪಸ್ಸಿನಲ್ಲಿ, ಕಡಿಮೆ ಇಂಧನದಲ್ಲಿ ಬದುಕುವುದನ್ನು ಮಾಡಿ ತೋರಿಸುವ ಮನೆಯೊಂದನ್ನು ವಿದ್ಯಾರ್ಥಿಗಳೇ 1978ರಿಂದ ನಡೆಸುತ್ತಿದ್ದಾರೆ. ಪ್ರತಿಜ್ಞೆಗೆ ಸಹಿ ಕಡ್ಡಾಯವಲ್ಲ, ಮುರಿದರೆ ದಂಡವಿಲ್ಲ. ಯಾವ ಕೆಲಸ ಸರಿ, ಯಾವುದು ತಪ್ಪು ಎಂಬ ಪಟ್ಟಿಯೂ ಇಲ್ಲ, ತೀರ್ಮಾನ ಅವರವರದೇ. 1996ರಲ್ಲಿ ಇಂಡಿಯಾನಾದ ಮ್ಯಾಂಚೆಸ್ಟರ್ ಕಾಲೇಜು ಇದರ ಹೊಣೆ ಹೊತ್ತ ಮೇಲೆ ನೂರಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳಿಗೆ ಹಬ್ಬಿತು. ಸಹಿ ಹಾಕಿದವರು ಗೌನಿನ ಮೇಲೆ ಹಸಿರು ರಿಬ್ಬನ್ ಧರಿಸುವ ರೂಢಿಯೂ ಬಂತು.

ಈ ಪ್ರತಿಜ್ಞೆಯ ತೂಕ ತಿಳಿಯಲು ಅಲ್ಲಿನ ನೆಲದ ಕಥೆಯನ್ನೂ ಕೇಳಬೇಕು. ಹಂಬೋಲ್ಟ್ ನಿಂತಿರುವುದು ವಿಯೋಟ್ ಎಂಬ ಮೂಲನಿವಾಸಿಗಳ ನೆಲದಲ್ಲಿ. ವಿಶ್ವವಿದ್ಯಾಲಯ ಇದನ್ನೀಗ ಬಹಿರಂಗವಾಗಿಯೇ ಹೇಳುತ್ತದೆ. ಅಲ್ಲಿಂದ ಹತ್ತಿರದ ಕೊಲ್ಲಿಯಲ್ಲಿ ಟುಲುವಾಟ್ ದ್ವೀಪವಿದೆ. ಜಗತ್ತು ಮತ್ತೆ ಹಸನಾಗಲೆಂದು ವಿಯೋಟ್ ಜನ ಪ್ರತಿವರ್ಷ ಅಲ್ಲಿ ಸೇರಿ ಕುಣಿಯುತ್ತಿದ್ದರು. 1860ರ ಫೆಬ್ರವರಿಯಲ್ಲಿ, ಆಚರಣೆಯ ದಿನಗಳಲ್ಲೇ, ಬಿಳಿಯ ವಲಸಿಗರು ದ್ವೀಪಕ್ಕೆ ನುಗ್ಗಿ ಹೆಂಗಸರು, ಮಕ್ಕಳು, ಮುದುಕರೆನ್ನದೆ ಕೊಂದರು. ಕುಣಿತ ನಿಂತಿತು. ಮುಂದೆ ಅಲ್ಲಿ ಹಡಗು ರಿಪೇರಿಯ ಅಂಗಳ ಬಂದು ಮಣ್ಣಿಗೆ ವಿಷ ಸೇರಿತು.

2000ದಲ್ಲಿ ವಿಯೋಟ್ ಬುಡಕಟ್ಟು ಚಂದಾ ಎತ್ತಿ ಅಲ್ಲಿ ಒಂದೂವರೆ ಎಕರೆ ಕೊಂಡಿತು. ವರ್ಷಗಟ್ಟಲೆ ದುಡಿದು ಮಣ್ಣನ್ನು ಶುದ್ಧಗೊಳಿಸಿ, 2014ರಲ್ಲಿ ಆಚರಣೆಯನ್ನು ಮತ್ತೆ ನಡೆಸಿತು. ಹತ್ತಿರದ ಯುರೇಕಾ ನಗರದ ಆಡಳಿತ 2004ರಲ್ಲಿ ದ್ವೀಪದ ಒಂದು ಭಾಗವನ್ನೂ 2019ರಲ್ಲಿ ಸುಮಾರು 200 ಎಕರೆಯನ್ನೂ ಬುಡಕಟ್ಟಿಗೆ ಹಿಂದಿರುಗಿಸಿತು.

ಘಟಿಕೋತ್ಸವದ ವೇದಿಕೆಯ ಮೇಲೆ ನೆಲದ ಒಡೆಯರನ್ನು ನೆನೆಯಲು ಒಂದು ನಿಮಿಷ ಸಾಕು. ವಿದ್ಯಾರ್ಥಿಗಳ ಪ್ರತಿಜ್ಞೆ ಆ ಒಂದು ನಿಮಿಷವನ್ನು ಮುಂದಿನ ಬದುಕಿಗೂ ಚಾಚುತ್ತದೆ. ಟುಲುವಾಟ್‌ನ ಮಣ್ಣಿಗೆ ವಿಷ ಸುರಿದದ್ದು ಯಾವ ರಾಕ್ಷಸನೂ ಅಲ್ಲ. ಅದು ಸಂಬಳಕ್ಕೆ ದುಡಿದವರ ದಿನನಿತ್ಯದ ಕೆಲಸ. ಆ ಅಂಗಳದಲ್ಲಿ ಯಾರಾದರೂ ಒಬ್ಬರು ‘ಈ ಡಬ್ಬಿಯಲ್ಲಿರುವುದು ಕೊನೆಗೆ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಬಹುದಿತ್ತು. ಹೊಸ ಪದವೀಧರರಿಂದ ಪ್ರತಿಜ್ಞೆ ಬಯಸುವುದೂ ಇಷ್ಟನ್ನೇ.