ಬ್ರೌಸರ್ ಯಾರ ಸಹಿ ನಂಬುತ್ತದೆ?

ವಿಜಯಪುರದಿಂದ ಟಿಕೋಟಾ, ಬಬಲೇಶ್ವರದವರೆಗೆ ಯಾವ ಝೆರಾಕ್ಸ್ ಅಂಗಡಿಗೆ ಹೋದರೂ ಉತಾರ ತೆಗೆಯುವುದು, ಬೆಳೆವಿಮೆ ತುಂಬುವುದು ಈಗ ಬ್ರೌಸರಿನಲ್ಲೇ. ದ್ರಾಕ್ಷಿ ಬೆಳೆಗಾರನ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲ ಅದರ ಮೂಲಕವೇ ಹೋಗಬೇಕು. ಹಾಗಾದರೆ ಕ್ರೋಮ್ ಗಟ್ಟಿಯೋ, ಫೈರ್‌ಫಾಕ್ಸ್ ಗಟ್ಟಿಯೋ?

2014ರ ಜುಲೈನಲ್ಲಿ ನಮ್ಮ ದೇಶದಲ್ಲೇ ಇದರ ಪರೀಕ್ಷೆ ಆಗಿಹೋಗಿದೆ. ಪ್ರತಿ ಜಾಲತಾಣವೂ ತಾನು ಅಸಲಿ ಎನ್ನಲು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತದೆ. ಉತಾರದ ಮೇಲಿನ ಸಹಿ ನೋಡಿ ಬ್ಯಾಂಕಿನವರು ಸಾಲದ ಕಡತ ಮುಂದೆ ಕಳಿಸಿದಂತೆ, ಸಹಿ ಮಾಡಿದ ಸಂಸ್ಥೆ ತನ್ನ ಪಟ್ಟಿಯಲ್ಲಿದ್ದರೆ ಬ್ರೌಸರ್ ಒಪ್ಪುತ್ತದೆ. ಆ ತಿಂಗಳು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಸಹಿ ಹೊತ್ತ ಖೊಟ್ಟಿ ಪ್ರಮಾಣಪತ್ರಗಳು ಪತ್ತೆಯಾದವು. ಅವು ಗೂಗಲ್, ಯಾಹೂ ತಾಣಗಳ ಹೆಸರಿನಲ್ಲಿದ್ದವು. ಎನ್‌ಐಸಿಗೆ ಸಹಿಯ ಅಧಿಕಾರ ಕೊಟ್ಟಿದ್ದ ಸಿಸಿಎ ಎಂಬ ಕೇಂದ್ರ ಸಂಸ್ಥೆ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿತ್ತು. ಹಾಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಸ ಹೋಗಬಹುದಿತ್ತು. ವಿಂಡೋಸಿನಲ್ಲಿ ಕ್ರೋಮ್ ನಂಬುತ್ತಿದ್ದದ್ದೂ ಅದೇ ಪಟ್ಟಿಯನ್ನು. ಆದರೆ ಗೂಗಲ್ ತಾಣಗಳಿಗೆ ಯಾರ ಸಹಿ ನಡೆಯುತ್ತದೆ ಎಂದು ಅದರೊಳಗೇ ಬರೆದಿಟ್ಟಿದ್ದರಿಂದ ಅಷ್ಟರ ಮಟ್ಟಿಗೆ ಬಚಾವಾಯಿತು. ಫೈರ್‌ಫಾಕ್ಸಿನದು ಸ್ವಂತ ಪಟ್ಟಿ. ಸಿಸಿಎ ಅದರಲ್ಲಿ ಇರಲೇ ಇಲ್ಲ. ಇದನ್ನು ಫೈರ್‌ಫಾಕ್ಸಿನ ಶೌರ್ಯ ಎನ್ನಲಾರೆ, ಪಟ್ಟಿ ಬೇರೆ ಇತ್ತು, ಅಷ್ಟೇ. ಮರುದಿನಗಳಲ್ಲೇ ಎನ್‌ಐಸಿಯ ಆ ಅಧಿಕಾರ ರದ್ದಾಯಿತು.

ಉಳಿದ ವ್ಯತ್ಯಾಸ ಈಗ ಕಡಿಮೆ. ಒಂದು ತಾಣದ ಪುಟ ಇನ್ನೊಂದರ ಮಾಹಿತಿಗೆ ಕೈಹಾಕದಂತೆ ಬೇರೆಬೇರೆ ಇಡುವ ಏರ್ಪಾಡು ಕ್ರೋಮಿಗೆ 2018ರಲ್ಲಿ, ಫೈರ್‌ಫಾಕ್ಸಿಗೆ 2021ರಲ್ಲಿ ಬಂತು. ಎಡ್ಜ್, ಬ್ರೇವ್, ಒಪೇರಾ ಎಲ್ಲದರ ಒಳಗಿರುವುದು ಕ್ರೋಮಿನದೇ ಎಂಜಿನ್, ಕ್ರೋಮಿಯಂ. ಅದಕ್ಕೆ ತೂತು ಬಿದ್ದರೆ ಎಲ್ಲಕ್ಕೂ ತೂತು. ಯಾರು ಬೇಗ ತೇಪೆ ಹಾಕುತ್ತಾರೆ ಎಂಬುದೊಂದೇ ಲೆಕ್ಕ. ಹಳೆ ವಿಂಡೋಸ್ 7 ಇಟ್ಟುಕೊಂಡವರಿಗಂತೂ ಬ್ರೌಸರಿನ ಆಯ್ಕೆ ಮುಖ್ಯವೇ. ಅದರಲ್ಲಿ ಕ್ರೋಮ್ 2023ರಲ್ಲಿ 109ನೇ ಆವೃತ್ತಿಗೇ ನಿಂತಿತು. ಫೈರ್‌ಫಾಕ್ಸಿನವರು ಆಮೇಲೂ 115ನೇ ಆವೃತ್ತಿಗೆ ತೇಪೆ ಕಳಿಸುತ್ತ ಬಂದರು.

ಅದೇ 2023ರಲ್ಲಿ ಕೇಂದ್ರ ಸರ್ಕಾರ ದೇಶಿ ಬ್ರೌಸರಿಗಾಗಿ ಸ್ಪರ್ಧೆ ಕರೆಯಿತು. ನಡೆಸಿದ್ದು ಬೆಂಗಳೂರಿನ ಸಿ-ಡ್ಯಾಕ್. ಸಿಸಿಎ ಸಹಿಯನ್ನು ಆ ಬ್ರೌಸರ್ ನಂಬಲೇಬೇಕೆಂಬುದು ಶರತ್ತು. 2025ರಲ್ಲಿ ಜೋಹೊ ಗೆದ್ದು 1 ಕೋಟಿ ರೂಪಾಯಿ ಪಡೆಯಿತು. ಆ ಬ್ರೌಸರನ್ನು ಹಾಕಿಕೊಳ್ಳುವ ಮುನ್ನ ನಾನಂತೂ ಎರಡು ಮಾತು ಕೇಳುತ್ತೇನೆ: ಖೊಟ್ಟಿ ಸಹಿ ಸಿಕ್ಕ ದಿನ ಪಟ್ಟಿಯಿಂದ ಹೆಸರು ಹೊಡೆದುಹಾಕುವವರು ಯಾರು? ಎಂಜಿನ್ನಿನ ತೇಪೆ ಎಷ್ಟು ದಿನಕ್ಕೆ ನಮಗೆ ಮುಟ್ಟುತ್ತದೆ?