ಗೆಡ್ಡೆ–ಗೆಣಸು: ಲೆಕ್ಕಕ್ಕೆ ಸಿಗದ ಊಟ

ಸಂಕ್ರಾಂತಿಯ ಮುನ್ನಾದಿನ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದರೆ ಕಬ್ಬು, ಅವರೆ, ಕಡಲೆಕಾಯಿಗಳ ಜೊತೆಗೆ ಸಿಹಿಗೆಣಸಿನ ರಾಶಿಯೂ ಕಣ್ಣಿಗೆ ಬೀಳುತ್ತದೆ. ಹಬ್ಬ ಕಳೆದಂತೆ ಆ ರಾಶಿ ಕರಗುತ್ತದೆ. ಆಲೂಗೆಡ್ಡೆ ಮಾತ್ರ ವರ್ಷವಿಡೀ ಉಳಿಯುತ್ತದೆ. ‘ಗೆಡ್ಡೆ–ಗೆಣಸು ತಿಂದು ಬದುಕಿದರು’ ಎಂಬ ಮಾತನ್ನು ನಾವು ಋಷಿಗಳ ವಿಷಯದಲ್ಲಿ ಗೌರವದಿಂದ, ಕಾಡಿನ ಜನರ ವಿಷಯದಲ್ಲಿ ಕನಿಕರದಿಂದ ಆಡುತ್ತೇವೆ. ಅದೇ ಮಾತು ಅಂಕಿಅಂಶಗಳ ಲೋಕದಲ್ಲಿ ಏನಾಗುತ್ತದೆ ಎಂಬುದು ನನ್ನ ಬಹುಕಾಲದ ಕುತೂಹಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ಪ್ರತಿ ದೇಶಕ್ಕೂ ಒಂದು ಆಹಾರ ಜಮಾಖರ್ಚಿನ ಪಟ್ಟಿ ಸಿದ್ಧಪಡಿಸುತ್ತದೆ. ಉತ್ಪಾದನೆಗೆ ಆಮದನ್ನು ಸೇರಿಸಿ, ರಫ್ತನ್ನು ಕಳೆದು, ದಾಸ್ತಾನಿನ ಏರಿಳಿತವನ್ನು ಹೊಂದಿಸಿದರೆ ‘ದೇಶೀಯ ಪೂರೈಕೆ’ ದೊರೆಯುತ್ತದೆ. ಅದರಲ್ಲಿ ಬಿತ್ತನೆ, ಮೇವು, ನಷ್ಟ, ಕೈಗಾರಿಕೆಯ ಪಾಲನ್ನು ತೆಗೆದು ಉಳಿದುದನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಲಭ್ಯತೆ. ಈ ಪಟ್ಟಿಯಲ್ಲಿ ಆಲೂಗೆಡ್ಡೆ, ಮರಗೆಣಸು, ಸಿಹಿಗೆಣಸು ಎಲ್ಲವೂ ‘ಪಿಷ್ಟಯುಕ್ತ ಗೆಡ್ಡೆಗಳು’ ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ನೈಜೀರಿಯ, ಘಾನಾಗಳಲ್ಲಿ ಒಬ್ಬರಿಗೆ ವರ್ಷಕ್ಕೆ 200 ಕಿಲೊಗೂ ಮೀರಿ ಲಭ್ಯವಿದ್ದರೆ, ಭಾರತದಲ್ಲಿ ಅದು 40 ಕಿಲೊ ಮುಟ್ಟುವುದಿಲ್ಲ. ಅಲ್ಲಿ ಅದು ಅನ್ನದ ಸ್ಥಾನದಲ್ಲಿದೆ, ಇಲ್ಲಿ ಪಲ್ಯದ ಸ್ಥಾನದಲ್ಲಿ. ಇಲ್ಲಿಯವರೆಗೆ ಹೋಲಿಕೆ ಸರಳ.

ದೇಶದೊಳಗೆ ಬಂದಾಗ ಅದು ಸರಳವಾಗಿ ಉಳಿಯುವುದಿಲ್ಲ. ಭಾರತದ ಪೂರೈಕೆಯ ಬಹುಪಾಲು ಆಲೂಗೆಡ್ಡೆ. ಅದರಲ್ಲಿ ಸುಮಾರು ಅರ್ಧವನ್ನು ಉತ್ತರ ಪ್ರದೇಶ ಮತ್ತು ಪಶ್ಚಿಮ ಬಂಗಾಳಗಳೇ ಬೆಳೆಯುತ್ತವೆ. ಕೇರಳದ ಕಥೆ ಬೇರೆ. 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಮರಗೆಣಸಿನ ಕೃಷಿಗೆ ಉತ್ತೇಜನ ಕೊಟ್ಟರು. 1942ರಲ್ಲಿ ಬರ್ಮಾದ ಅಕ್ಕಿ ನಿಂತಾಗ ಆ ನಾಡಿನ ಬಡವರ ಹೊಟ್ಟೆಗೆ ಆಧಾರವಾದದ್ದು ಅದೇ ಗೆಡ್ಡೆ. 1970ರ ದಶಕದ ಮಧ್ಯದಲ್ಲಿ 3 ಲಕ್ಷ ಹೆಕ್ಟೇರ್ ಮೀರಿದ್ದ ಅಲ್ಲಿನ ಮರಗೆಣಸಿನ ಕ್ಷೇತ್ರ ಇಂದು 1 ಲಕ್ಷಕ್ಕಿಂತ ಕೆಳಗಿದೆ. ನೆರೆಯ ತಮಿಳುನಾಡಿನ ಸೇಲಂನಲ್ಲಿ ಇದೇ ಗೆಡ್ಡೆ ಪಿಷ್ಟವಾಗಿ, ಸಬ್ಬಕ್ಕಿಯಾಗಿ ಕಾರ್ಖಾನೆಯಿಂದ ಹೊರಬರುತ್ತದೆ. ಏಕಾದಶಿಯಂದು ಸಬ್ಬಕ್ಕಿ ತಿನ್ನುವ ಮೈಸೂರಿನ ಗೃಹಸ್ಥರು ಅದು ಮರಗೆಣಸೆಂದು ನೆನೆಯುವುದು ವಿರಳ. ಒಂದೆಡೆ ಊಟ, ಇನ್ನೊಂದೆಡೆ ಕಚ್ಚಾಮಾಲು. ಉತ್ಪಾದನೆಯ ಅಂಕಣದಲ್ಲಿ ಎರಡೂ ಟನ್ನುಗಳೇ.

ನಮ್ಮ ಹಾಸನದ ಆಲೂಗೆಡ್ಡೆಯದು ಮತ್ತೊಂದು ಪಾಠ. ಉತ್ತರದಲ್ಲಿ ಚಳಿಗಾಲದ ನೀರಾವರಿ ಬೆಳೆಯಾದರೆ, ಇಲ್ಲಿ ಮುಂಗಾರಿನ ಮಳೆಯಾಶ್ರಿತ ಬೆಳೆ. ಬಿತ್ತನೆಗೆಡ್ಡೆ ಪಂಜಾಬಿನ ಜಲಂಧರದಿಂದ ಬರಬೇಕು. ಮಳೆ ಹೆಚ್ಚಾದರೆ ಅಂಗಮಾರಿ ರೋಗ ಹೊಲವನ್ನೇ ಕರಗಿಸುತ್ತದೆ. ದುಬಾರಿ ಬೀಜ, ಪದೇ ಪದೇ ಬಂದ ರೋಗ, ಬೆಲೆಯ ಅನಿಶ್ಚಿತತೆಗಳಿಂದ ಬೇಸತ್ತ ಅನೇಕ ರೈತರು ಮುಸುಕಿನ ಜೋಳ, ಶುಂಠಿಗಳತ್ತ ಹೊರಳಿದರು. ಹಾಸನದ ಹೊಲಗಳು ಕುಗ್ಗಿದ ಇದೇ ಎರಡು ದಶಕಗಳಲ್ಲಿ ದೇಶದ ಒಟ್ಟು ಆಲೂಗೆಡ್ಡೆ ಉತ್ಪಾದನೆ ಏರಿತು. ರಾಷ್ಟ್ರದ ಸರಾಸರಿ ನೋಡಿದವರಿಗೆ ಹಾಸನದ ಸೋಲು ಕಾಣುವುದಿಲ್ಲ. ಮೈಸೂರಿನ ಗ್ರಾಹಕನಿಗೂ ಕಾಣುವುದಿಲ್ಲ. ಅವನ ಚೀಲಕ್ಕೆ ಉತ್ತರದ ಗೆಡ್ಡೆ ಬಂದು ಬೀಳುತ್ತದೆ.

ಇವೆಲ್ಲ ಕನಿಷ್ಠಪಕ್ಷ ಲೆಕ್ಕಕ್ಕೆ ಸಿಕ್ಕವು. ಜಿಲ್ಲೆಯ ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಜೇನುಕುರುಬರು ಕಾಡಿನಿಂದ ಅಗೆದು ತರುತ್ತಿದ್ದ ಗೆಣಸು ಯಾವ ಮಾರುಕಟ್ಟೆಯ ತಕ್ಕಡಿಯನ್ನೂ ಏರಲಿಲ್ಲ. ನಾಗರಹೊಳೆಯ ಕಾಡಿನಿಂದ ಕುಟುಂಬಗಳನ್ನು ಹೊರತಂದಾಗ ಮನೆ, ಜಮೀನು, ಪಡಿತರ ಅಕ್ಕಿಗಳ ಮಾತು ನಡೆಯಿತು. ಕಳೆದುಹೋದ ಗೆಣಸಿಗೆ ಬೆಲೆ ಕಟ್ಟಬೇಕಿದ್ದರೆ ಮೊದಲು ಅದು ಒಂದು ಕಾಗದದಲ್ಲಾದರೂ ಇರಬೇಕಿತ್ತು. ಜೋಯಿಡಾದ ಕುಣಬಿಗಳು ತಮ್ಮ ಹಿತ್ತಿಲ ಗೆಡ್ಡೆಗಳನ್ನು ಮೇಳಕ್ಕೆ ತಂದು ತೋರಿಸಿದರು. ಸಹಜ ಸಮೃದ್ಧ ಸಂಸ್ಥೆ ಮೈಸೂರಿನಲ್ಲೇ ಇಂಥ ಮೇಳಗಳನ್ನು ನಡೆಸಿದೆ. ಅಲ್ಲಿ ಬಣ್ಣ ಬಣ್ಣದ ಗೆಡ್ಡೆಗಳನ್ನು ಕಂಡು ಬೆರಗಾಗುವ ನಾವು, ಅವು ಯಾರದೋ ದಿನನಿತ್ಯದ ಊಟ ಎಂಬುದನ್ನು ಮರೆಯುತ್ತೇವೆ.

ಗೆಡ್ಡೆಯೇ ಸರ್ವಸ್ವ ಎಂದು ನಾನು ವಾದಿಸುತ್ತಿಲ್ಲ. ಮರಗೆಣಸಿನಲ್ಲಿ ಪ್ರೋಟೀನ್ ಅತ್ಯಲ್ಪ. ಈ ಕೊರತೆಯನ್ನು ತುಂಬಲೆಂದೇ, 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ನಮ್ಮ ಸಿಎಫ್‌ಟಿಆರ್‌ಐ, 75 ಪಾಲು ಮರಗೆಣಸಿನ ಹಿಟ್ಟಿಗೆ 25 ಪಾಲು ಕಡಲೆಕಾಯಿ ಹಿಟ್ಟು ಬೆರೆಸಿ ‘ಮೈಸೂರು ಹಿಟ್ಟು’ ರೂಪಿಸಿತು. ಧಾನ್ಯದ ಕೊರತೆಯ ಆ ದಿನಗಳಲ್ಲಿ ಈ ಊರಿನ ವಿಜ್ಞಾನಿಗಳಿಗೆ ಗೆಡ್ಡೆ ಗಂಭೀರ ಆಹಾರವಾಗಿತ್ತು. ಧಾನ್ಯ ಹೇರಳವಾದ ಮೇಲೆ ಅದು ನಮ್ಮ ಯೋಚನೆಯಿಂದ ಜಾರಿತು.

ಪ್ರದೇಶಗಳನ್ನು ಹೋಲಿಸುವುದು ಅಗತ್ಯವೇ. ಆದರೆ ಎಷ್ಟು ಟನ್ ಎಂದು ಕೇಳುವ ಮೊದಲು ಯಾವ ಗೆಡ್ಡೆ, ಯಾರ ತಟ್ಟೆಗೆ ಎಂದು ಕೇಳಬೇಕು. ತೋಟಗಾರಿಕೆ ಇಲಾಖೆ ಬೆಳೆದದ್ದನ್ನು ಎಣಿಸುತ್ತದೆ. ಹಾಡಿಗಳಲ್ಲಿ, ಹಿತ್ತಿಲುಗಳಲ್ಲಿ ಉಣ್ಣುವುದನ್ನೂ ರಾಜ್ಯ ತಾಲ್ಲೂಕುವಾರು ದಾಖಲಿಸಲಿ. ಮುಂದೊಂದು ದಿನ ಇನ್ನೊಂದು ಹಾಡಿಯನ್ನು ಎಬ್ಬಿಸುವ ಮಾತು ಬಂದಾಗ, ಆ ಜನ ಏನನ್ನು ಬಿಟ್ಟು ಬರುತ್ತಿದ್ದಾರೆ ಎಂಬುದಕ್ಕೆ ಆ ದಾಖಲೆಯಾದರೂ ಸಾಕ್ಷಿ ಹೇಳೀತು.