ಬೀಜ ಹೊತ್ತು ಊರೂರಿಗೆ ಹೋಗುವ ಮೇಳ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆಯ ಹೊಲಗಳಲ್ಲಿ ಶೇಂಗಾ ಬಿತ್ತುವಾಗ ನಡುನಡುವೆ ತೊಗರಿ, ಅವರೆ, ಅಲಸಂದೆಯ ಅಕ್ಕಡಿ ಸಾಲು ಹಾಕುವುದು ಹಳೆಯ ರೂಢಿ. ಸಾರಿಗೆ ಬೇಕಾದ ಕಾಳು ಅಲ್ಲೇ ಸಿಗುತ್ತಿತ್ತು. ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ಹೀರೆ ಬಳ್ಳಿ, ಪಕ್ಕದಲ್ಲಿ ನುಗ್ಗೆ. ಬೀಜಕ್ಕೆಂದು ಬಿಟ್ಟ ಕಾಯಿ ಬಳ್ಳಿಯಲ್ಲೇ ಒಣಗಬೇಕು, ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಬೂದಿ ಬೆರೆಸಿ ಕಟ್ಟಿಟ್ಟ ಆ ಬೀಜ ಮಳೆಗಾಲಕ್ಕೆ ಮುಂಚೆ ನೆರೆಮನೆಗೂ ನೆಂಟರ ಮನೆಗೂ ಹೋಗುತ್ತಿತ್ತು. ಹಾಗೆ ಹೋದದ್ದರಿಂದಲೇ ಒಂದು ಮನೆಯಲ್ಲಿ ಕಳೆದುಹೋದ ತಳಿ ಇನ್ನೊಂದು ಮನೆಯಲ್ಲಿ ಉಳಿಯುತ್ತಿತ್ತು.

ಈ ಕೊಡುಕೊಳ್ಳುವಿಕೆಯನ್ನು ಈಗ ಮೇಳಗಳು ಮುಂದುವರಿಸುತ್ತಿವೆ. ಶಿರಸಿಯಲ್ಲಿ 2001ರಲ್ಲಿ ಸುನೀತಾ ರಾವ್ ಕಟ್ಟಿದ 'ವನಸ್ತ್ರೀ' ಬಳಗದ ಹೆಣ್ಣುಮಕ್ಕಳು ತಮ್ಮ ಕೈತೋಟದ ಬೀಜ, ಗಿಡ, ತಿನಿಸುಗಳನ್ನು 'ಮಲೆನಾಡು ಮೇಳ'ಕ್ಕೆ ತರುತ್ತಾರೆ. ಆ ಮೇಳ ಬೆಂಗಳೂರಿಗೂ ಬಂದಿದೆ. ಜಿ. ಕೃಷ್ಣಪ್ರಸಾದ್ ಅವರ 'ಸಹಜ ಸಮೃದ್ಧ' ಸಂಸ್ಥೆ ಬೀಜ ಮೇಳ, ಹಲಸಿನ ಮೇಳ, ಗೆಡ್ಡೆಗೆಣಸು ಮೇಳಗಳನ್ನು ಊರಿಂದೂರಿಗೆ ಒಯ್ಯುತ್ತಿದೆ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರ ಇಂಥ ಮೇಳಗಳಿಗೆ ಚಿರಪರಿಚಿತ ಜಾಗ. ಜೊಯಿಡಾದಲ್ಲಂತೂ ಕುಣಬಿ ಸಮುದಾಯದವರು ತಾವೇ ಬೆಳೆದ ಗೆಡ್ಡೆಗಳನ್ನು ರಾಶಿ ಹಾಕಿ ಕೂರುತ್ತಾರೆ.

ದಿನ ಗೊತ್ತುಮಾಡುವುದು ಬೆಳೆಯೇ. ಮಳೆ ಹೋಗಿ ಎಲೆ ಒಣಗಿದ ಮೇಲೆ ಗೆಡ್ಡೆ ಅಗೆಯುತ್ತಾರೆ, ಆದ್ದರಿಂದ ಗೆಡ್ಡೆ ಮೇಳ ಚಳಿಗಾಲಕ್ಕೆ. ಹಲಸು ಹಣ್ಣಾಗುವುದು ಮುಂಗಾರಿನ ಆಸುಪಾಸು. ಬೀಜ ಮೇಳ ಬಿತ್ತನೆಗೆ ಮುಂಚೆಯೇ ಆಗಬೇಕು, ತಡವಾದರೆ ಆ ವರ್ಷ ಹೋಯಿತು.

ನನ್ನ ಮಟ್ಟಿಗೆ ಮೇಳದ ಜೀವ ಇರುವುದು ಅಲ್ಲಿ ನಡೆಯುವ ಮಾತಿನಲ್ಲಿ. ಸುವರ್ಣಗೆಡ್ಡೆ ಕೊಂಡವರಿಗೆ ಅದನ್ನು ನೆಡುವುದು ಹೇಗೆಂದು ಬೆಳೆದವರೇ ಹೇಳಿಕೊಡಬೇಕು: ನಡುವಿನ ಮೊಳಕೆಯ ಭಾಗ ಪ್ರತಿ ಹೋಳಿಗೂ ಬರುವಂತೆ ಕತ್ತರಿಸಿ, ಸಗಣಿ ಬಗ್ಗಡದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ನೆಡಬೇಕು. ಅಡುಗೆ ಮಾಡುವಾಗ ಹುಣಸೆಹುಳಿ ಬೀಳದಿದ್ದರೆ ಗಂಟಲು ತುರಿಸೀತು ಎಂಬ ಎಚ್ಚರಿಕೆಯೂ ಅಲ್ಲೇ ಸಿಗಬೇಕು. ಬೆಳೆಯುವ ಬಗೆ, ಬೇಯಿಸುವ ಬಗೆ ಎರಡೂ ಗೊತ್ತಾದರೆ ಗೆಡ್ಡೆ ಒಂದು ದಿನದ ಸಾರಿಗೆ ಮುಗಿಯುವುದಿಲ್ಲ, ಹಿತ್ತಿಲಿಗೆ ಇಳಿಯುತ್ತದೆ.

ಮಲೆನಾಡಿನ ಬೀಜವೆಲ್ಲ ನಮ್ಮ ಬಯಲುಸೀಮೆಗೆ ಒಗ್ಗುವುದಿಲ್ಲ. ರಾಜ್ಯದಲ್ಲಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಹಿರಿಯೂರೂ ಒಂದು. ನಮಗೆ ಬೇಕಾದದ್ದು ಒಣಹವೆ ತಾಳುವ ಅವರೆ, ಅಲಸಂದೆ, ಸಜ್ಜೆ, ನವಣೆ, ನುಗ್ಗೆ. ಅವುಗಳ ಬೀಜ ಇಲ್ಲಿನ ಮನೆಗಳಲ್ಲೇ ಇನ್ನೂ ಅಲ್ಲಿಷ್ಟು ಇಲ್ಲಿಷ್ಟು ಇರಬಹುದು. ಸಲಹೆ ಕೇಳಲು ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ, ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಧರ್ಮಪುರ, ಹರಿಯಬ್ಬೆ ಸುತ್ತಿನ ಸ್ತ್ರೀಶಕ್ತಿ ಸಂಘಗಳು ಮುಂದೆ ಬಂದರೆ ಶಾಲೆಯ ಅಂಗಳದಲ್ಲೇ ಒಂದು ದಿನದ ಮೇಳ ಮಾಡಬಹುದು. ರೋಹಿಣಿ ಮಳೆಗೆ ಮುಂಚೆ ನಿಮ್ಮ ಅಟ್ಟದ ಮೇಲಿನ ಗಂಟನ್ನೊಮ್ಮೆ ಬಿಚ್ಚಿ ನೋಡಿ, ಒಂದು ಹಿಡಿ ಬೀಜ ಪಕ್ಕದ ಮನೆಗೂ ಕೊಡಿ.